ಜೇಕಿನ ದಾಯಾದಿ

ಹೊಲಗದ್ದೆಯ ಒಡನಾಟವಿರುವ ಓದುಗರಿಗೆ ಜೇಕಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಪಟ್ಟಣದಲ್ಲಿಯೇ ಹುಟ್ಟಿ ಬೆಳೆದವರಾದರೂ ಹಿತ್ತಿಲಿನಲ್ಲಿ, ಹೂವಿನ ಪಾತಿಯಲ್ಲಿ, ತುಳಸಿಕಟ್ಟೆಯ ಸುತ್ತ ನೀವು ಅದನ್ನು ಕಂಡೇ ಇರುತ್ತೀರಿ. ನೋಡುವುದಕ್ಕೆ ಹುಲ್ಲು, ಆದರೆ ಹುಲ್ಲಲ್ಲ. ಹುಲ್ಲಿನ ಕಡ್ಡಿಯನ್ನು ಬೆರಳುಗಳ ನಡುವೆ ಹಿಡಿದರೆ ಉರುಳುತ್ತದೆ. ಜೇಕಿನ ಕಡ್ಡಿ ಮೂರು ಮೂಲೆಯದು, ಉರುಳುವುದಿಲ್ಲ. ಹಿಡಿದು ಕಿತ್ತರೆ ಮೇಲಿನ ಎಲೆ ಮಾತ್ರ ಕೈಗೆ ಬರುತ್ತದೆ. ಗೆಡ್ಡೆ ನೆಲದಲ್ಲಿಯೇ ಉಳಿಯುತ್ತದೆ. ಎಂಟು ದಿನ ಬಿಟ್ಟು ನೋಡಿದರೆ ಕಿತ್ತ ಕಡೆಯಲ್ಲಿ ಹೊಸ ಮೊಳಕೆ ನಗುತ್ತಿರುತ್ತದೆ. ಕೊನ್ನಾರಿ ಎಂದು ಕೆಲವರು, ತುಂಗೆ ಎಂದು ಕೆಲವರು ಕರೆಯುತ್ತಾರೆ. ಪಂಡಿತ ವೈದ್ಯರು ಭದ್ರಮುಷ್ಟಿ ಎನ್ನುತ್ತಾರೆ. ರೈತನು ಅದಕ್ಕೆ ಕೊಟ್ಟಿರುವ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ.

ನಾನು ಉಪಾಧ್ಯಾಯನಾದ ಹೊಸತರಲ್ಲಿ ನಮ್ಮ ಶಾಲೆಯ ಹಿಂದೆ ಒಂದು ಪುಟ್ಟ ತೋಟವಿತ್ತು. ಶನಿವಾರ ಬೆಳಗ್ಗೆ ಹುಡುಗರಿಂದ ಜೇಕು ಕೀಳಿಸುವುದು ನನ್ನ ಪಾಲಿಗೆ ಬಂದ ಕೆಲಸ. ಒಂದು ಶನಿವಾರ ಎಂಟನೆಯ ತರಗತಿಯ ಹುಡುಗನೊಬ್ಬ ಒಂದು ಗೆಡ್ಡೆಯನ್ನು ಅಂಗೈಯಲ್ಲಿಟ್ಟುಕೊಂಡು ಬಂದು, "ಸಾರ್, ಇದನ್ನ ಕಳೆ ಅಂತ ಮೊದಲು ಹೇಳಿದೋರು ಯಾರು ಸಾರ್?" ಎಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವ ವಯಸ್ಸೂ ಆಗ ನನ್ನದಲ್ಲ. "ಮಾತು ಸಾಕು, ಕೀಳು" ಎಂದು ಗದರಿಬಿಟ್ಟೆ. ಉಳಿದ ಹುಡುಗರು ನಕ್ಕರು. ಅವನು ಗೆಡ್ಡೆಯನ್ನು ಬೇಲಿಯಾಚೆ ಎಸೆದು ಮತ್ತೆ ಕುಕ್ಕರಗಾಲಿನಲ್ಲಿ ಕುಳಿತುಕೊಂಡ. ಆ ಪ್ರಶ್ನೆ ಮಾತ್ರ ಜೇಕಿನ ಗೆಡ್ಡೆಯಂತೆಯೇ ನನ್ನೊಳಗೆ ಉಳಿದುಬಿಟ್ಟಿತು. ಇಂದು ನಿಮ್ಮ ಮುಂದೆ ಹೇಳಹೊರಟಿರುವುದು ಆ ಹುಡುಗನಿಗೆ ಅಂದು ಸಲ್ಲಬೇಕಾಗಿದ್ದ ಉತ್ತರ. ಅದನ್ನು ಹೇಳಬೇಕಾದರೆ ಜೇಕಿನ ದಾಯಾದಿಯೊಬ್ಬನ ಕಥೆಯನ್ನು ಹೇಳಬೇಕಾಗುತ್ತದೆ.

ಸಸ್ಯಶಾಸ್ತ್ರಜ್ಞರು ನಮ್ಮ ಜೇಕನ್ನು ಸೈಪೆರಸ್ ರೋಟಂಡಸ್ ಎಂದೂ ಅದರ ದಾಯಾದಿಯನ್ನು ಸೈಪೆರಸ್ ಎಸ್ಕುಲೆಂಟಸ್ ಎಂದೂ ಕರೆಯುತ್ತಾರೆ. ಎಸ್ಕುಲೆಂಟಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತಿನ್ನಲು ಯೋಗ್ಯವಾದುದು ಎಂದರ್ಥ. ಸ್ಪೇನ್ ದೇಶದವರು ಇದನ್ನು ಚೂಫಾ ಎನ್ನುತ್ತಾರೆ. ಇಂಗ್ಲಿಷಿನವರು ಮೈಮೇಲಿನ ಪಟ್ಟೆಗಳನ್ನು ಕಂಡು ಟೈಗರ್ ನಟ್ ಎಂದು ಹೆಸರಿಟ್ಟರು. ಹುಲಿಗೂ ಇದಕ್ಕೂ ಸಂಬಂಧವಿಲ್ಲ, ಇದು ಬೀಜವೂ ಅಲ್ಲ. ಕಡಲೆಕಾಳಿಗಿಂತ ತುಸು ದೊಡ್ಡದಾದ ಗೆಡ್ಡೆ. ಒಣಗಿದರೆ ಕಂದುಬಣ್ಣಕ್ಕೆ ತಿರುಗಿ, ಅಜ್ಜಿಯ ಕೆನ್ನೆಯಂತೆ ಸುಕ್ಕುಗಟ್ಟುತ್ತದೆ. ನಮ್ಮ ಜೇಕು ಕಹಿ, ಒಗರು, ಇದು ಸಿಹಿ. ನೆನೆಸಿ ಅಗಿದರೆ ಕೊಬ್ಬರಿಯ ರುಚಿಯೂ ಬಾದಾಮಿಯ ರುಚಿಯೂ ಬೆರೆತಂತೆ ಇರುತ್ತದೆ. ನೂರು ತೂಕದ ಒಣ ಗೆಡ್ಡೆಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಪಾಲು ಎಣ್ಣೆ. ಉಳಿದುದರಲ್ಲಿ ಬಹುಪಾಲು ಹಿಟ್ಟು ಮತ್ತು ಸಕ್ಕರೆ. ಇದೇ ಮನೆತನದ ಇನ್ನೊಬ್ಬ ಅಣ್ಣ ಜಗತ್ಪ್ರಸಿದ್ಧ. ಈಜಿಪ್ಟಿನ ಜೌಗಿನಲ್ಲಿ ಆಳೆತ್ತರಕ್ಕೂ ಮೀರಿ ಬೆಳೆಯುವ ಪಪೈರಸ್ ಅವನು. ಅವನ ಕಾಂಡವನ್ನು ಸೀಳಿ, ಹಾಸಿ, ಬಡಿದು ಹಾಳೆ ಮಾಡಿ ಆ ನಾಡಿನವರು ತಮ್ಮ ಚರಿತ್ರೆಯನ್ನು ಬರೆದಿಟ್ಟರು. ಅಣ್ಣ ಓಲೆಯಾದ, ತಮ್ಮ ಊಟವಾದ. ಓಲೆಯಾದವನನ್ನು ಲೋಕ ನೆನೆಯುತ್ತದೆ. ಊಟವಾದವನನ್ನು ಉಂಡು ಮರೆಯುತ್ತದೆ.

ಅರಸರ ಚರಿತ್ರೆಗೆ ಶಾಸನವುಂಟು, ನಾಣ್ಯವುಂಟು, ಹೊಗಳುವ ಕವಿಯುಂಟು. ಒಂದು ಗೆಡ್ಡೆಯ ಚರಿತ್ರೆಗೆ ಸಾಕ್ಷಿ ಹೇಳುವವರು ಯಾರು? ಹುಡುಕಿದರೆ ನಾಲ್ವರು ಸಿಕ್ಕುತ್ತಾರೆ. ಗೋರಿ, ಗೋಡೆ, ಮಾತು ಮತ್ತು ನೀರು. ಒಬ್ಬೊಬ್ಬರನ್ನಾಗಿ ಕರೆದು ಕೇಳೋಣ.

ಮೊದಲು ಗೋರಿ. ನೈಲ್ ನದಿಯ ಬಯಲಿನಲ್ಲಿ ಫೇರೋ ದೊರೆಗಳು ಇನ್ನೂ ಹುಟ್ಟಿರದ ಕಾಲದ ಸಮಾಧಿಗಳಿವೆ. ಅಲ್ಲಿಯ ಮರಳು ಎಷ್ಟು ಒಣಗಿದ್ದೆಂದರೆ ಹೂತಿಟ್ಟ ದೇಹಗಳು ಕೊಳೆಯದೆ ಹಾಗೆಯೇ ಒಣಗಿ ಉಳಿದಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ವಾಂಸರು ಇಂಥ ದೇಹಗಳ ಕರುಳಿನಲ್ಲಿ ಉಳಿದಿದ್ದ ಕೊನೆಯ ಊಟವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಜವೆಗೋಧಿಯ ಹೊಟ್ಟಿನ ಜೊತೆಗೆ ಅಲ್ಲಿ ಈ ಗೆಡ್ಡೆಯ ಚೂರುಗಳೂ ಸಿಕ್ಕವು. ಸತ್ತವರ ದಾರಿಬುತ್ತಿಯಾಗಿ ಪಕ್ಕದಲ್ಲಿ ಇಟ್ಟಿದ್ದ ಒಣ ಗೆಡ್ಡೆಗಳೂ ಸಮಾಧಿಗಳಲ್ಲಿ ದೊರೆತಿವೆ. ಸುಮಾರು ಆರು ಸಾವಿರ ವರ್ಷಗಳ ಹಿಂದಿನ ಮಾತು. ಈಜಿಪ್ಟಿನ ಅತ್ಯಂತ ಹಳೆಯ ಬೆಳೆಗಳ ಸಾಲಿನಲ್ಲಿ ಇದಕ್ಕೂ ಒಂದು ಎಡೆಯಿದೆ ಎಂದು ಸಸ್ಯೇತಿಹಾಸಕಾರರು ಒಪ್ಪುತ್ತಾರೆ.

ಅದಕ್ಕೂ ಹಿಂದೆ ಹೋಗುವವರು ಉಂಟು. ೧೯೫೯ರಲ್ಲಿ ಮೇರಿ ಲೀಕಿ ಎಂಬ ವಿದುಷಿ ಪೂರ್ವ ಆಫ್ರಿಕದ ಓಲ್ಡುವಾಯ್ ಕಂದರದಲ್ಲಿ ಒಂದು ತಲೆಬುರುಡೆಯನ್ನು ಕಂಡುಹಿಡಿದರು. ಮನುಷ್ಯಜಾತಿಗೆ ದೂರದ ನಂಟನಾದ, ಹದಿನೈದು ಇಪ್ಪತ್ತು ಲಕ್ಷ ವರ್ಷಗಳ ಹಿಂದೆ ಬಾಳಿದ ಜೀವಿಯದು. ಅದರ ದವಡೆ ಹಲ್ಲುಗಳ ಗಾತ್ರವನ್ನು ಕಂಡು ಜನ ಅದನ್ನು 'ಅಡಕತ್ತರಿ ಮನುಷ್ಯ' ಎಂಬರ್ಥದ ಹೆಸರಿನಿಂದ ಕರೆದರು. ಇವನು ಇಷ್ಟು ದೊಡ್ಡ ಹಲ್ಲಿನಿಂದ ಏನನ್ನು ತಿನ್ನುತ್ತಿದ್ದ? ೨೦೧೪ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕಿ ಗೇಬ್ರಿಯೇಲ್ ಮಾಕೋ ಅವರು, ಕೆನ್ಯಾದ ಬಬೂನ್ ಕೋತಿಗಳು ಈ ಗೆಡ್ಡೆಯನ್ನು ಅಗೆದು ತಿನ್ನುವುದನ್ನು ಆಧಾರವಾಗಿಟ್ಟುಕೊಂಡು, ಇವನ ಊಟದಲ್ಲಿಯೂ ಇದೇ ಮುಖ್ಯವಾಗಿದ್ದಿರಬೇಕು ಎಂದು ವಾದಿಸಿದರು. ಇದು ವಾದವೇ ಹೊರತು ತೀರ್ಪಲ್ಲ. ನಮ್ಮಲ್ಲಿ ಕಾಡುಹಂದಿಗೂ ಮುಸ್ತೆಗೂ ಇರುವ ನಂಟನ್ನು ಕಾಳಿದಾಸನು ಚೆನ್ನಾಗಿ ಬಲ್ಲವನು. ಶಾಕುಂತಲದ ಎರಡನೆಯ ಅಂಕದಲ್ಲಿ ಬೇಟೆಯನ್ನು ನಿಲ್ಲಿಸುವ ದುಷ್ಯಂತನು, ಹಂದಿಗಳು ಕೊಳದಲ್ಲಿ ನಿಶ್ಚಿಂತೆಯಾಗಿ ಮುಸ್ತೆಯನ್ನು ಕೆದಕಿಕೊಳ್ಳಲಿ ಎನ್ನುತ್ತಾನೆ. ಮುಸ್ತೆ ಎಂದರೆ ನಮ್ಮ ಜೇಕೇ. ಕೋತಿ, ಹಂದಿಗಳು ಕೆದಕುತ್ತಿದ್ದುದನ್ನು ಮನುಷ್ಯನೂ ಕೆದಕಿರಬೇಕು. ಆದರೆ ಕೆದಕುವುದು ಬೇರೆ, ಬೆಳೆಯುವುದು ಬೇರೆ.

ಎರಡನೆಯ ಸಾಕ್ಷಿ ಗೋಡೆ. ನೈಲ್ ನದಿಯ ಪಶ್ಚಿಮ ದಡದಲ್ಲಿ, ಪ್ರಾಚೀನ ಥೀಬ್ಸ್ ನಗರದ ಎದುರಿಗೆ, ರೆಖ್ಮಿರೆ ಎಂಬ ಮಂತ್ರಿಯ ಸಮಾಧಿಮಂದಿರವಿದೆ. ಕ್ರಿ.ಪೂ. ೧೫ನೆಯ ಶತಮಾನದಲ್ಲಿ ಮೂರನೆಯ ಥುಟ್ಮೋಸ್ ದೊರೆಯ ಪ್ರಧಾನಿಯಾಗಿದ್ದವನು ಈತ. ಗೋಡೆಯ ಮೇಲೆ ಅವನ ಕಾಲದ ಸಕಲ ಕಸುಬುಗಳನ್ನೂ ಬಣ್ಣದಲ್ಲಿ ಬರೆದಿದ್ದಾರೆ. ಬಡಗಿ, ಕಮ್ಮಾರ, ಇಟ್ಟಿಗೆಯವನು ಎಲ್ಲರೂ ಅಲ್ಲಿದ್ದಾರೆ. ಅವರ ನಡುವೆ ಒಂದು ಅಡಿಗೆಮನೆಯ ದೃಶ್ಯ. ಗೆಡ್ಡೆಯ ರಾಶಿಯನ್ನು ಅಳೆಯುತ್ತಾರೆ, ಲೆಕ್ಕದವನು ಬರೆದುಕೊಳ್ಳುತ್ತಾನೆ. ಒರಳಿಗೆ ಹಾಕಿ ಒನಕೆಯಿಂದ ಕುಟ್ಟುತ್ತಾರೆ. ಹಿಟ್ಟನ್ನು ಜರಡಿ ಹಿಡಿಯುತ್ತಾರೆ. ಜೇನುತುಪ್ಪ ಬೆರೆಸಿ ನಾದುತ್ತಾರೆ. ಬಾಣಲೆಯಲ್ಲಿ ಕೊಬ್ಬು ಕಾಯುತ್ತದೆ. ಕೊನೆಗೆ ಗೋಪುರದಂತೆ ಚೂಪಾದ ಉಂಡೆಗಳು ಸಾಲಾಗಿ ನಿಲ್ಲುತ್ತವೆ. ಪಕ್ಕದಲ್ಲಿಯೇ ಹೊಗೆ ಹಾಕಿ ಜೇನು ತೆಗೆಯುವ ಚಿತ್ರವೂ ಇದೆ. ಇಷ್ಟೆಲ್ಲ ಸಡಗರ ಅಮುನ್ ದೇವರ ನೈವೇದ್ಯಕ್ಕಾಗಿ.

ಈ ಚಿತ್ರದ ವಿವರಗಳನ್ನು ಮೊದಲ ಸಲ ಓದಿದಾಗ ನನಗೆ ನೆನಪಾದುದು ನಮ್ಮ ಹಬ್ಬದ ತಂಬಿಟ್ಟು. ಹುರಿದು, ಕುಟ್ಟಿ, ಜರಡಿ ಹಿಡಿದು, ಬೆಲ್ಲದ ಪಾಕ ಸೇರಿಸಿ, ಗೋಪುರದಂತೆ ಕಟ್ಟಿ, ದೀಪವಿಟ್ಟು ಆರತಿ ಎತ್ತುವ ತಂಬಿಟ್ಟು. ಆ ನಾಡಿನಿಂದ ನಮಗೆ ಬಂತೆಂದಾಗಲಿ ನಮ್ಮಿಂದ ಅಲ್ಲಿಗೆ ಹೋಯಿತೆಂದಾಗಲಿ ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಸುಲಭ, ತೋರಿಸಿಕೊಡುವುದು ಕಷ್ಟ. ಒಳ್ಳೆಯ ಹಿಟ್ಟು, ಸಿಹಿ ಮತ್ತು ಭಕ್ತಿ ಒಂದೆಡೆ ಸೇರಿದರೆ ಮನುಷ್ಯನ ಕೈ ಎಲ್ಲಿದ್ದರೂ ಒಂದೇ ಆಕಾರವನ್ನು ಮಾಡುತ್ತದೆ ಎಂದಷ್ಟೇ ತಿಳಿಯೋಣ. ಇಲ್ಲಿ ಗಮನಿಸಬೇಕಾದುದು ಇನ್ನೊಂದು. ದೇವರಿಗೆ ಅರ್ಪಿಸುವ ಪದಾರ್ಥವನ್ನು ಯಾರೂ ಕಳೆ ಎನ್ನುವುದಿಲ್ಲ. ರೆಖ್ಮಿರೆಯ ಕಾಲಕ್ಕೆ ಈ ಗೆಡ್ಡೆ ಅಳತೆಗೆ, ಲೆಕ್ಕಕ್ಕೆ, ಉಗ್ರಾಣಕ್ಕೆ ಸೇರಿದ ಗೌರವಸ್ಥ ಬೆಳೆ. ಸಾವಿರ ವರ್ಷಗಳ ಅನಂತರ, ಅರಿಸ್ಟಾಟಲನ ಶಿಷ್ಯನಾದ ಥಿಯೋಫ್ರಾಸ್ಟಸ್ ಎಂಬ ಗ್ರೀಕ್ ಪಂಡಿತನು, ನೈಲ್ ದಡದ ಮರಳಿನಲ್ಲಿ ಬೆಳೆಯುವ ದುಂಡನೆಯ ಗೆಡ್ಡೆಯೊಂದನ್ನು ಜನ ಜವೆಗೋಧಿಯ ಮದ್ಯದಲ್ಲಿ ಬೇಯಿಸಿ ಸಿಹಿತಿಂಡಿಯಂತೆ ತಿನ್ನುತ್ತಾರೆ ಎಂದು ಬರೆದಿದ್ದಾನೆ. ಅದು ಇದೇ ಎಂದು ವಿದ್ವಾಂಸರ ಮತ. ಈಜಿಪ್ಟಿನ ಅರಬ್ಬೀ ಮಾತಿನಲ್ಲಿ ಇಂದಿಗೂ ಇದರ ಹೆಸರು ಹಬ್ ಅಲ್ ಅಜೀಜ್. ಪ್ರಿಯವಾದ ಕಾಳು ಎಂದು ಹೇಳಬಹುದು.

ಮೂರನೆಯ ಸಾಕ್ಷಿ ಮಾತು. ನನ್ನ ಓದು ಭಾಷೆಯ ಓದಾದುದರಿಂದ ಇಲ್ಲಿ ಸ್ವಲ್ಪ ನಿಲ್ಲುವ ಆಸೆ, ಓದುಗರು ಸಹಿಸಿಕೊಳ್ಳಬೇಕು. ಅರಬರು ಎಂಟನೆಯ ಶತಮಾನದಲ್ಲಿ ಸ್ಪೇನ್ ದೇಶಕ್ಕೆ ಕಾಲಿಟ್ಟರು. ಅವರ ಆಳಿಕೆಯ ಶತಮಾನಗಳಲ್ಲಿ ಬತ್ತ, ಕಬ್ಬು, ಕಿತ್ತಳೆಗಳಂತೆ ಈ ಗೆಡ್ಡೆಯೂ ಪೂರ್ವ ಕರಾವಳಿಯ ವೇಲೆನ್ಸಿಯ ನಗರದ ಸುತ್ತಣ ತೋಟಗಳಿಗೆ ಬಂದು ನೆಲೆಸಿತು. ಅಲ್ಲಿ ಗೆಡ್ಡೆಯನ್ನು ನೆನೆಸಿ, ರುಬ್ಬಿ, ನೀರು ಬೆರೆಸಿ, ಹಿಂಡಿ, ಸಕ್ಕರೆ ಹಾಕಿ ತಣ್ಣಗೆ ಕುಡಿಯುತ್ತಾರೆ. ನಾವು ತೆಂಗಿನಕಾಯಿಯ ಹಾಲನ್ನು ತೆಗೆಯುವುದಿಲ್ಲವೆ, ಅದೇ ಕ್ರಮ. ಈ ಪಾನಕದ ಹೆಸರು ಓರ್ಚಾಟ.

ಹೆಸರಿಗೆ ಒಂದು ಕಥೆಯುಂಟು. ೧೨೩೮ರಲ್ಲಿ ಅರಗಾನಿನ ದೊರೆ ಒಂದನೆಯ ಜೇಮ್ಸ್ ಅರಬರಿಂದ ವೇಲೆನ್ಸಿಯವನ್ನು ಗೆದ್ದುಕೊಂಡನು. ಬಾಯಾರಿದ ದೊರೆಗೆ ಹಳ್ಳಿಯ ಹುಡುಗಿಯೊಬ್ಬಳು ಬಿಳಿಯ ಪಾನಕ ಕೊಟ್ಟಳಂತೆ. "ಇದೇನು?" ಎಂದ ದೊರೆ. "ಚೂಫಾದ ಹಾಲು" ಎಂದಳು ಅವಳು. "ಇದು ಹಾಲಲ್ಲ ಮಗು, ಚಿನ್ನ!" ಎಂದನಂತೆ ದೊರೆ. ಅವರ ಮಾತಿನಲ್ಲಿ ಚಿನ್ನಕ್ಕೆ ಓರ್, ಹುಡುಗಿಗೆ ಶಾಟ. ಎರಡೂ ಸೇರಿ ಓರ್ಚಾಟ! ಕೇಳಲು ಸೊಗಸಾಗಿದೆ. ನಿಮಗೆ ಇಂಥದೇ ಇನ್ನೊಂದು ಕಥೆ ನೆನಪಾಗಲಿಲ್ಲವೆ? ಹಸಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಅದರಿಂದ ಬೆಂಗಳೂರು ಎಂದು ನಾವೂ ಮಕ್ಕಳಿಗೆ ಹೇಳುತ್ತೇವೆ. ಆದರೆ ವೀರಬಲ್ಲಾಳನು ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಹಿಂದಿನ ಬೇಗೂರಿನ ವೀರಗಲ್ಲಿನಲ್ಲಿಯೇ ಬೆಂಗಳೂರು ಎಂಬ ಹೆಸರು ನಿಚ್ಚಳವಾಗಿ ಕೊರೆದಿದೆ. ಕಲ್ಲು ಮಾತನಾಡಿದ ಮೇಲೆ ಕಥೆ ಸುಮ್ಮನಿರಬೇಕು. ಓರ್ಚಾಟದ ಕಥೆಯೂ ಹಾಗೆಯೇ. ಆ ಹೆಸರಿನ ಮೂಲ ಲ್ಯಾಟಿನ್ ಭಾಷೆಯ ಹೋರ್ಡೆಯಾಟ, ಎಂದರೆ ಜವೆಗೋಧಿಯಿಂದ ಮಾಡಿದ ಗಂಜಿನೀರು.

ಜವೆಗೋಧಿಯ ಹೆಸರು ಗೆಡ್ಡೆಯ ಪಾನಕಕ್ಕೆ ಬಂದುದು ಹೇಗೆ? ಹೆಸರು ಉಳಿಯಿತು, ಒಳಗಿನ ಪದಾರ್ಥ ಬದಲಾಯಿತು. ಫ್ರಾನ್ಸಿನಲ್ಲಿ ಅದೇ ಮೂಲದ ಹೆಸರು ಬಾದಾಮಿಯ ಪಾನಕಕ್ಕೆ ಹೋಯಿತು. ಸ್ಪೇನಿನವರ ಜೊತೆ ಸಾಗರ ದಾಟಿ ಮೆಕ್ಸಿಕೋ ದೇಶದಲ್ಲಿ ಅಕ್ಕಿಯ ಪಾನಕಕ್ಕೆ ಅಂಟಿಕೊಂಡಿತು. ನಮ್ಮ ಎಣ್ಣೆಯನ್ನೇ ನೋಡಿ. ಎಳ್ ಮತ್ತು ನೆಯ್ ಸೇರಿ ಎಣ್ಣೆಯಾಯಿತು. ಎಳ್ಳಿನ ತುಪ್ಪವೆಂದು ಅರ್ಥ. ಸಂಸ್ಕೃತದ ತೈಲವೂ ತಿಲದಿಂದಲೇ ಬಂದುದು. ಈಗ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ಕೊನೆಗೆ ಸೀಮೆಎಣ್ಣೆಗೂ ಎಳ್ಳಿನ ಹೆಸರೇ! ದೊರೆಯ ಕಥೆ ಸುಳ್ಳಾದರೂ ಅದರಲ್ಲಿ ಒಂದು ನಿಜ ಅಡಗಿದೆಯೆಂದು ನನಗೆ ತೋರುತ್ತದೆ. ಆ ಊರಿನವರು ತಮ್ಮ ಗೆಡ್ಡೆಗೆ ಚಿನ್ನದ ಬೆಲೆ ಕಟ್ಟಿದರು, ಅದನ್ನು ದೊರೆಯ ಬಾಯಿಂದ ಹೇಳಿಸಿದರು.

ಇನ್ನು ಉಳಿದುದು ನಾಲ್ಕನೆಯ ಸಾಕ್ಷಿ, ನೀರು. ಎಲ್ಲಕ್ಕಿಂತ ಮುಖ್ಯನಾದವನು ಇವನೇ.

ವೇಲೆನ್ಸಿಯದ ಉತ್ತರಕ್ಕೆ ಆಲ್ಬೊರಾಯ ಎಂಬ ಊರು. ಅದರ ಸುತ್ತಮುತ್ತಣ ಮರಳುಮಿಶ್ರಿತ ಹೊಲಗಳೇ ಚೂಫಾದ ತವರು. ಏಪ್ರಿಲ್, ಮೇ ತಿಂಗಳಲ್ಲಿ ದಿಂಡು ಕಟ್ಟಿ ಗೆಡ್ಡೆ ಊರುತ್ತಾರೆ. ಬೇಸಿಗೆಯುದ್ದಕ್ಕೂ ಸಾಲಿನಲ್ಲಿ ನೀರು ಹಾಯಬೇಕು. ಎಲೆ ಒಣಗಿದ ಮೇಲೆ ಸುಟ್ಟು ತೆಗೆದು, ನವೆಂಬರಿನಿಂದ ಗೆಡ್ಡೆ ಅಗೆಯುತ್ತಾರೆ. ಮಣ್ಣು ಹೋಗುವಂತೆ ತೊಳೆದು, ಗಾಳಿಯಾಡುವ ಅಟ್ಟಗಳ ಮೇಲೆ ಹರವಿ, ಸುಮಾರು ಮೂರು ತಿಂಗಳ ಕಾಲ ದಿನವೂ ಮಗುಚಿ ಮಗುಚಿ ಒಣಗಿಸುತ್ತಾರೆ. ತೂಕದ ಅರ್ಧಕ್ಕೆ ಹತ್ತಿರವಿದ್ದ ನೀರು ಹತ್ತರಲ್ಲೊಂದು ಪಾಲಿಗೆ ಇಳಿಯುವವರೆಗೂ ಈ ಕೆಲಸ ನಿಲ್ಲುವಂತಿಲ್ಲ. ಆತುರಪಟ್ಟರೆ ಗೆಡ್ಡೆ ಕೆಡುತ್ತದೆ, ಸಿಹಿ ಕೂಡುವುದಿಲ್ಲ.

ಈ ಹೊಲಗಳಿಗೆ ನೀರು ತರುವ ಕಾಲುವೆಗಳಿಗೆ ಅಲ್ಲಿ ಅಸೇಕಿಯ ಎಂದು ಹೆಸರು. ಅದು ಅರಬ್ಬೀ ಶಬ್ದ. ಅಸ್ಸಾಕಿಯ, ನೀರುಣಿಸುವುದು ಎಂದು ಅರ್ಥ. ಗೆದ್ದ ಜೇಮ್ಸ್ ದೊರೆ ಊರನ್ನು ಬದಲಾಯಿಸಿದನು, ಪ್ರಾರ್ಥನೆಯ ಮಂದಿರಗಳನ್ನು ಬದಲಾಯಿಸಿದನು. ಕಾಲುವೆಯ ನೀರನ್ನು ಮಾತ್ರ ಅರಬರ ಕಾಲದಲ್ಲಿ ನಡೆದುಬಂದ ವಾಡಿಕೆಯಂತೆಯೇ ಹಂಚಿಕೊಳ್ಳಬೇಕೆಂದು ಅಪ್ಪಣೆ ಮಾಡಿದನು. ಜಾಣತನದ ಕೆಲಸ. ೧೬೦೯ರಲ್ಲಿ ಅರಬರ ಸಂತತಿಯವರನ್ನು, ಮತಾಂತರಗೊಂಡಿದ್ದವರನ್ನೂ ಬಿಡದೆ, ವೇಲೆನ್ಸಿಯದಿಂದ ಹಡಗುಗಳಲ್ಲಿ ತುಂಬಿ ಹೊರಗಟ್ಟಲಾಯಿತು. ಬಿತ್ತಿದವರು ಹೋದರು. ಕಾಲುವೆ ಉಳಿಯಿತು, ಕಾಲುವೆಯ ಹೆಸರು ಉಳಿಯಿತು, ಗೆಡ್ಡೆ ಉಳಿಯಿತು.

ಉಳಿಸಿದುದು ಯಾವುದು? ವೇಲೆನ್ಸಿಯದ ದೊಡ್ಡ ಇಗರ್ಜಿಯ ಬಾಗಿಲ ಮುಂದೆ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡು ಗಂಟೆ ಬಾರಿಸುವಾಗ ಒಂದು ನ್ಯಾಯಾಲಯ ಸೇರುತ್ತದೆ. ಅದರ ಹೆಸರೇ ನೀರಿನ ನ್ಯಾಯಾಲಯ. ಎಂಟು ಕಾಲುವೆಗಳ ರೈತರು ಆರಿಸಿ ಕಳುಹಿಸಿದವರೇ ಅಲ್ಲಿ ನ್ಯಾಯಾಧೀಶರು, ಅವರೂ ರೈತರೇ. ಕಪ್ಪು ಅಂಗಿ ತೊಟ್ಟು ವೃತ್ತಾಕಾರವಾಗಿ ಕುಳಿತುಕೊಳ್ಳುತ್ತಾರೆ. ಒಂದೊಂದೇ ಕಾಲುವೆಯ ಹೆಸರು ಹಿಡಿದು ದೂರಿದೆಯೇ ಎಂದು ಕೂಗುತ್ತಾರೆ. ಸರದಿ ತಪ್ಪಿ ನೀರು ತಿರುಗಿಸಿಕೊಂಡವನು, ನೆರೆಯವನ ಹೊಲಕ್ಕೆ ನೀರು ನುಗ್ಗಿಸಿದವನು, ಕಾಲುವೆಯ ಹೂಳು ತೆಗೆಯದವನು ಎದುರು ನಿಲ್ಲಬೇಕು. ವಕೀಲರಿಲ್ಲ. ಎಲ್ಲವೂ ಬಾಯಿಮಾತು, ಊರಿನ ಆಡುಮಾತು. ಅಲ್ಲಿಯೇ ತೀರ್ಪು, ಮೇಲ್ಮನವಿ ಇಲ್ಲ. ೨೦೦೯ರಲ್ಲಿ ಯುನೆಸ್ಕೋ ಸಂಸ್ಥೆ ಇದನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಇಂದಿಗೂ ಗುರುವಾರ ಅದು ಸೇರುತ್ತದೆ. ದೂರಿಲ್ಲದ ದಿನಗಳಲ್ಲಿ ಕರೆದು, ಇಲ್ಲವೆಂದು ಕಂಡು, ಎದ್ದುಹೋಗುತ್ತದೆ.

ಈ ಸಾಕ್ಷಿಯ ಮಾತು ನಿಜವೇ ಎಂದು ಪರೀಕ್ಷಿಸಲು ಸಾಗರದಾಚೆಯ ಇನ್ನೊಂದು ಕಣಿವೆಗೆ ನಿಮ್ಮನ್ನು ಕರೆದೊಯ್ಯುತ್ತೇನೆ. ಅಮೆರಿಕದ ನೆಲದಲ್ಲಿಯೂ ಈ ಗಿಡ ತಾನಾಗಿ ಬೆಳೆಯುತ್ತದೆ. ಕ್ಯಾಲಿಫೋರ್ನಿಯದ ಪೂರ್ವಕ್ಕೆ, ಹಿಮಶಿಖರಗಳ ನೆರಳಿನಲ್ಲಿ ಓವೆನ್ಸ್ ಕಣಿವೆಯಿದೆ. ಮಳೆ ಬಹಳ ಕಡಮೆ. ಬೆಟ್ಟದ ಹಿಮ ಕರಗಿ ಬರುವ ತೊರೆಗಳೇ ಗತಿ. ಅಲ್ಲಿ ಪಯೂಟ್ ಎಂಬ ಮೂಲನಿವಾಸಿಗಳು ವಾಸವಾಗಿದ್ದರು. ಅವರು ಉಳಲಿಲ್ಲ, ಬಿತ್ತಲಿಲ್ಲ. ಆದರೆ ತಾನಾಗಿ ಬೆಳೆದಿದ್ದ ಈ ಗೆಡ್ಡೆಯ ಬಯಲಿಗೆ ನೀರು ಕಟ್ಟಿದರು. ವಸಂತದಲ್ಲಿ ಊರವರು ಕೂಡಿ ಒಬ್ಬನನ್ನು ನೀರು ನೋಡಿಕೊಳ್ಳಲು ಆರಿಸುತ್ತಿದ್ದರು. ಎಲ್ಲರೂ ಸೇರಿ ಬಂಡೆ, ಕೊಂಬೆ, ಕೆಸರಿನಿಂದ ತೊರೆಗೆ ಅಡ್ಡಗಟ್ಟೆ ಹಾಕುತ್ತಿದ್ದರು. ಆರಿಸಿದವನು ನೀಳವಾದ ಕೋಲು ಹಿಡಿದು ಬಯಲಿಗೆಲ್ಲ ನೀರು ಹಾಯಿಸುತ್ತಿದ್ದನು. ಒಂದು ವರ್ಷ ಉತ್ತರದ ಬಯಲು, ಮರುವರ್ಷ ದಕ್ಷಿಣದ ಬಯಲು; ನೆಲಕ್ಕೂ ವಿಶ್ರಾಂತಿ. ಶರತ್ಕಾಲದಲ್ಲಿ ಕಟ್ಟೆಯನ್ನು ಒಡೆದು, ನೀರಿಳಿದ ಕಡೆ ಮೀನು ಹಿಡಿದು, ಗೆಡ್ಡೆ ಅಗೆದು ಹಂಚಿಕೊಳ್ಳುತ್ತಿದ್ದರು. ಜೂಲಿಯನ್ ಸ್ಟೂವರ್ಡ್ ಎಂಬ ಮಾನವಶಾಸ್ತ್ರಜ್ಞ ೧೯೩೦ರ ಸುಮಾರಿನಲ್ಲಿ ಹಿರಿಯರ ನೆನಪಿನಿಂದ ಇದನ್ನು ಕೇಳಿ ಬರೆದು, ಬೇಸಾಯವಿಲ್ಲದ ನೀರಾವರಿ ಎಂದು ಅದನ್ನು ವರ್ಣಿಸಿದನು.

ಹಿರಿಯರ ನೆನಪಿನಿಂದ ಎಂದೆ. ಏಕೆಂದರೆ ಆ ವೇಳೆಗೆ ಅದು ನೆನಪು ಮಾತ್ರ. ೧೮೬೧ರಲ್ಲಿ ಬಿಳಿಯ ದನಗಾರರು ಕಣಿವೆಗೆ ಬಂದರು. ನೀರು ಕಟ್ಟಿದ ಹಸಿರು ಬಯಲು ಅವರ ಕಣ್ಣಿಗೆ ಹುಲ್ಲುಗಾವಲಾಗಿ ಕಂಡಿತು. ದನ ಮೇಯ್ದವು, ಗೆಡ್ಡೆ ಹೋಯಿತು. ಹಸಿದವರು ದನ ಕೊಂದರು, ಯುದ್ಧವಾಯಿತು. ೧೮೬೩ರಲ್ಲಿ ಸೈನಿಕರು ನೂರಾರು ಪಯೂಟ್ ಜನರನ್ನು ಕಣಿವೆಯಿಂದ ದೂರದ ಕೋಟೆಗೆ ನಡೆಸಿಕೊಂಡು ಹೋದರು. ೧೯೧೩ರಲ್ಲಿ ಲಾಸ್ ಏಂಜಲಿಸ್ ನಗರದ ದೊಡ್ಡ ಕಾಲುವೆ ತೆರೆದು ಕಣಿವೆಯ ನೀರೂ ಹೋಯಿತು. ಮರಳಿ ಬಂದವರ ಸಂತತಿ ಇಂದಿಗೂ ನೀರಿನ ಹಕ್ಕಿಗಾಗಿ ವಾದಿಸುತ್ತಿದೆ. ಟಬೂಸ್ ಎಂಬ ತೊರೆಯೊಂದು ಅಲ್ಲಿದೆ. ಅವರ ಮಾತಿನಲ್ಲಿ ಈ ಗೆಡ್ಡೆಗಿದ್ದ ಹೆಸರೇ ಅದು.

ಎರಡು ಕಣಿವೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಗೆಡ್ಡೆಯ ಕುಲ ಒಂದೇ. ಒಂದು ಕಡೆ ನೀರಿನ ವಾಡಿಕೆಗೆ ಗೆದ್ದವನೂ ತಲೆಬಾಗಿದ, ಗೆಡ್ಡೆ ಚಿನ್ನವಾಯಿತು. ಇನ್ನೊಂದು ಕಡೆ ಬಂದವನಿಗೆ ಅಲ್ಲೊಂದು ವಾಡಿಕೆ ಇದೆಯೆಂಬುದೇ ಕಾಣಲಿಲ್ಲ, ಗೆಡ್ಡೆ ಹುಲ್ಲಾಯಿತು.

ಕಳೆಯಾದ ಕಥೆಯೂ ಉಂಟು. ಅಮೆರಿಕದ ಮಿನ್ನೆಸೋಟದಲ್ಲಿ ಇದರ ಒಂದೇ ಒಂದು ಗೆಡ್ಡೆಯನ್ನು ನೆಟ್ಟು ನೋಡಿದರು. ೧೯೬೧ರಲ್ಲಿ ಪ್ರಕಟವಾದ ಲೆಕ್ಕ. ಒಂದು ವರ್ಷದಲ್ಲಿ ಸುಮಾರು ೧,೯೦೦ ಗಿಡಗಳು, ಏಳು ಸಾವಿರಕ್ಕೆ ಹತ್ತಿರ ಗೆಡ್ಡೆಗಳು! ಜೋಳ, ಆಲೂಗೆಡ್ಡೆಯ ಹೊಲ ಹೊಕ್ಕರೆ ಗತಿಯೇನು? ನೆದರ್ಲೆಂಡ್ಸ್ ದೇಶದಲ್ಲಿ ಇದು ಸೇರಿಕೊಂಡ ಹೊಲದಲ್ಲಿ ಗೆಡ್ಡೆಗೆಣಸಿನ ಬೆಳೆ ಇಡಬಾರದೆಂದು ನಿಯಮವೇ ಆಗಿದೆ. ಸಾಕಿದ ಚೂಫಾಕ್ಕೂ ಕಾಡು ಚೂಫಾಕ್ಕೂ ಒಳಭೇದವಿದೆ, ನಿಜ. ಸಾಕಿದ್ದು ಹೂ ಬಿಡುವುದು ಅಪರೂಪ, ಗೆಡ್ಡೆಯೂ ಬುಡ ಬಿಟ್ಟು ದೂರ ಹೋಗುವುದಿಲ್ಲ. ಆದರೆ ಆ ಸಭ್ಯತೆಯನ್ನು ಕಲಿಸಿದುದೂ ಸಾವಿರಾರು ವರ್ಷ ಆರಿಸಿ ಆರಿಸಿ ನೆಟ್ಟ ಮನುಷ್ಯನ ಕೈಯೇ.

ಇದೇ ಹೊತ್ತಿನಲ್ಲಿ ಪಶ್ಚಿಮ ಆಫ್ರಿಕದ ನೈಜರ್, ಮಾಲಿ, ಬುರ್ಕಿನಾ ಫಾಸೊ ನಾಡುಗಳಲ್ಲಿ ಇದು ಸಂತೆಯ ಸರಕು. ನೈಜೀರಿಯದ ಹೌಸಾ ಜನ ಆಯಾ ಎಂದು ಕರೆದು, ರುಬ್ಬಿ ಹಾಲು ತೆಗೆದು ಮಾರುತ್ತಾರೆ. ಅಲ್ಲಿಂದ ಸ್ಪೇನಿಗೂ ಮೂಟೆಗಳು ಹೋಗುತ್ತವೆ. ವೇಲೆನ್ಸಿಯದವರು ತಮ್ಮ ಬೆಳೆಯನ್ನು ಗುರುತಿಸಲೆಂದು ೧೯೯೫ರಿಂದ ಅದಕ್ಕೆ ಊರಿನ ಹೆಸರಿನ ಮುದ್ರೆ ಹಾಕುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಮಿಠಾಯಿಗೂ ಪಡಿತರ ಚೀಟಿ ಬಂದಾಗ, ಮಕ್ಕಳು ಕಾಸು ಕೊಟ್ಟು ಇದನ್ನು ಕೊಂಡು ಬಾಯಾಡಿಸಿದರು. ೧೯೫೩ರಲ್ಲಿ ಮಿಠಾಯಿಯ ಪಡಿತರ ಮುಗಿಯಿತು, ಆ ಪ್ರೀತಿಯೂ ಮೆಲ್ಲಗೆ ಇಳಿಯಿತು. ಒಬ್ಬರ ಸಂತೆ, ಒಬ್ಬರ ಶತ್ರು, ಒಬ್ಬರ ನೈವೇದ್ಯ, ಒಬ್ಬರ ಬಾಲ್ಯ!

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಇದನ್ನು ಕಳೆ ಎಂದವರು ಯಾರು? ಉತ್ತರ ನಮ್ಮ 'ಕಳೆ' ಎಂಬ ಮಾತಿನಲ್ಲಿಯೇ ಇದೆ. ಕಳೆ ಎಂಬುದು ಮೊದಲಿಗೆ ಒಂದು ಕ್ರಿಯೆ. ತೆಗೆದುಹಾಕು, ನೀಗು ಎಂದರ್ಥ. ತೆಗೆದುಹಾಕಬೇಕೆನಿಸಿದ್ದು ಕಳೆ. ಅದು ಗಿಡದ ಹೆಸರಲ್ಲ. ಗಿಡಕ್ಕೆ ನಾವು ಮಾಡುವ ಕೆಲಸದ ಹೆಸರು. ನಮ್ಮ ಕೈ ಕೀಳುವುದನ್ನು ಬಿಟ್ಟು ನೆಡಲು ತೊಡಗಿದರೆ ಹೆಸರೂ ಬದಲಾಗುತ್ತದೆ. ಜೇಕಿಗೇ ಆಗಲಿ, ವೈದ್ಯನು ಬಂದು ಜ್ವರಕ್ಕೆಂದು ಬಾಗಿ ಅಗೆದಾಗ ಅದು ಭದ್ರಮುಷ್ಟಿಯಾಗಲಿಲ್ಲವೆ? ಅಮರಕೋಶದಲ್ಲಿ ಮುಸ್ತೆಗೆ 'ಮೇಘನಾಮಾ' ಎಂದು ಹೇಳಿದೆ. ಮೋಡಕ್ಕೆ ಎಷ್ಟು ಹೆಸರುಗಳುಂಟೋ ಅಷ್ಟೂ ಇದಕ್ಕುಂಟು. ನೀರು ತರುವ ಮೋಡದ ಹೆಸರನ್ನು ಈ ಗೆಡ್ಡೆಗೆ ಇಟ್ಟ ಹಿರಿಯರು ಅದನ್ನು ತಿರಸ್ಕಾರದಿಂದ ನೋಡಿರಲಾರರು.

ಆ ಹುಡುಗ ಕೆಲವು ವರ್ಷಗಳ ಹಿಂದೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. ತಲೆ ಅಲ್ಲಲ್ಲಿ ನರೆತಿತ್ತು. ಕೆರೆಯ ಕೆಳಗೆ ಅವನ ಮನೆಯವರಿಗೆ ಗದ್ದೆಯಿದ್ದುದು ನನಗೆ ಗೊತ್ತು. "ಬೆಳೆ ಹೇಗಿದೆಯಪ್ಪ?" ಎಂದೆ. "ಜೇಕು ಚೆನ್ನಾಗಿ ಬಂದಿದೆ ಸಾರ್" ಎಂದು ನಕ್ಕ. ಕೆರೆಯಲ್ಲಿ ಹೂಳು ತುಂಬಿದೆ, ತೂಬು ಕೆಟ್ಟಿದೆ. ಅವರೂರಿನ ನೀರುಗಂಟಿ ತೀರಿಕೊಂಡ ಮೇಲೆ ಆ ಕೆಲಸಕ್ಕೆ ಇನ್ನೊಬ್ಬರು ಬರಲಿಲ್ಲ. ಯಾರ ಗದ್ದೆಗೆ ಯಾವ ದಿನ ನೀರೆಂಬುದನ್ನು ಬಾಯಲ್ಲಿಯೇ ಇಟ್ಟುಕೊಂಡಿದ್ದ ಮನುಷ್ಯ. ಅವನೊಂದಿಗೆ ಆ ಲೆಕ್ಕವೂ ಹೋಯಿತು. "ನಾಲ್ಕು ಜನ ಸೇರಿದರೆ ಆಗುತ್ತಿತ್ತು ಸಾರ್, ಸೇರಲಿಲ್ಲ. ಉಳುವುದು ನಿಲ್ಲಿಸಿದೆವು, ಜೇಕು ಬಂತು" ಎಂದ. ವೇಲೆನ್ಸಿಯದ ಗುರುವಾರದ ಪಂಚಾಯಿತಿ, ಪಯೂಟರ ಕೋಲು ಹಿಡಿದ ಮನುಷ್ಯ, ನಮ್ಮ ನೀರುಗಂಟಿ, ಮೂವರೂ ಒಂದೇ ಕಸುಬಿನವರೆಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಿತು. ನಾನು ಪುಸ್ತಕ ತಿರುವಿ ಕಂಡುಕೊಂಡ ಉತ್ತರ ಅವನಿಗೆ ಗದ್ದೆಯಲ್ಲಿಯೇ ಸಿಕ್ಕಿತ್ತು. ಅಂದು ಗದರಿದ್ದಕ್ಕೆ ಕ್ಷಮಿಸೆಂದು ಹೇಳಬೇಕೆಂದುಕೊಂಡೆ; ಅಷ್ಟರಲ್ಲಿ ಅವನ ಬಸ್ಸು ಬಂತು.

ದಾಯಾದಿ ಎಂಬ ಮಾತಿನಲ್ಲಿ 'ದಾಯ' ಎಂದರೆ ಪಾಲು. ಚೂಫಾಕ್ಕೆ ನೀರಿನಲ್ಲಿ, ದುಡಿಮೆಯಲ್ಲಿ, ನಾಲ್ವರ ಒಪ್ಪಂದದಲ್ಲಿ ಪಾಲು ಸಿಕ್ಕಿತು. ಸಿಕ್ಕಿದ ಕಡೆ ಅದು ಬೆಳೆಯಾಯಿತು, ತಪ್ಪಿದ ಕಡೆ ಕಳೆಯಾಯಿತು. ನಾಳೆ ಬೆಳಗ್ಗೆ ನಿಮ್ಮ ಹೂವಿನ ಪಾತಿಯಲ್ಲಿ ಜೇಕು ಕಂಡರೆ ಕೀಳಬೇಡಿರೆಂದು ನಾನು ಹೇಳುವುದಿಲ್ಲ, ಅವಶ್ಯವಾಗಿ ಕೀಳಿ. ಜೊತೆಯಲ್ಲಿ ಮಗುವೊಂದು ಕುಳಿತು, ಇದನ್ನು ಕಳೆ ಎಂದವರು ಯಾರೆಂದು ಕೇಳಿದರೆ ಮಾತ್ರ ಗದರಬೇಡಿ. ಕೈಯ ಮಣ್ಣು ಕೊಡವಿ, ಒಂದು ಗಳಿಗೆ ಕುಳಿತು, ಈ ಕಥೆಯನ್ನು ಹೇಳಿ.